ಹದಿನಾಲ್ಕನೇ ನಿಯಮವನ್ನು ಕುರಿ ಮೇಯ್ದದ್ದು

ಬಾಟಲಿಯಲ್ಲಿ ಕೆಂಪು ನೀರು ತುಂಬಿ, ಅದನ್ನು ಬಿಸಿಲಿಗೆ ಹಿಡಿದು ನೋಡುವುದೇ ಉದ್ಯೋಗ ಎಂದರೆ ಯಾವ ಮಾವ ತಾನೇ ಹೆಣ್ಣು ಕೊಟ್ಟಾನು? ಗೊಲ್ಲಪ್ಪ ಕೊಟ್ಟ. ಕೊಟ್ಟು ಒಂಬತ್ತು ವರ್ಷವಾದರೂ ಅಳಿಯ ಮಾಡುವ ಕೆಲಸ ಯಾವುದೆಂದು ಅವನಿಗೆ ಗೊತ್ತಾಗಿರಲಿಲ್ಲ. ಕೇಳಿದವರಿಗೆ "ಏನೋ ನೀರಿಂದು" ಎನ್ನುತ್ತಿದ್ದ. ಅವರು ಊರಿನ ವಾಲ್ವು ತಿರುಗಿಸುವ ನೀರುಗಂಟಿ ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು.

ತಪ್ಪು ಜುಂಜೇಶನದಲ್ಲ. ಹೆಣ್ಣು ನೋಡಲು ಹೋದ ದಿನವೇ ಅವನು ಬಿಡಿಸಿ ಹೇಳಿದ್ದ. "ಕಟ್ಟಡ ಕಟ್ಟಕೆ ನೆಲ ಅಗೀತಾರಲ್ಲ ಮಾವ, ಮಳೆ ಬಂದಾಗ ಆ ಮಣ್ಣು ಕೊಚ್ಕೊಂಡು ಹೋಗಿ ಕೆರೆ ಸೇರ್ತದೆ. ಹಂಗೆ ಸೇರ್ದಂಗೆ ನೋಡ್ಕಳೋದು ನನ್ನ ಕೆಲ್ಸ. ಪರಿಸರ ವಿಜ್ಞಾನಿ ಅಂತಾರೆ."

ಗೊಲ್ಲಪ್ಪ ಎಲೆಗೆ ಸುಣ್ಣ ಸವರುತ್ತಾ ಕೇಳಿದ. "ಮಳೆ ಇಲ್ದಾಗ?"

"ಮಳೆ ಬಂದ್ರೆ ಏನ್ ಮಾಡ್ಬೇಕು ಅಂತ ಬರೀತೀನಿ."

"ನಮ್ಮ ಹಟ್ಟೀಲಿ ನಾಕು ಜನ ಮುದುಕ್ರು ಕಟ್ಟೆ ಮ್ಯಾಲೆ ಕುಂತು ಅದ್ನೇ ಮಾತಾಡ್ತಾರಪ್ಪ. ಅವ್ರಿಗೆ ಯಾರೂ ಸಂಬಳ ಕೊಡಲ್ಲ" ಎಂದ ಗೊಲ್ಲಪ್ಪ.

ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿದ ಜುಂಜೇಶ ಹಿರಿಯೂರಿನ ಒಂದು ಲ್ಯಾಬಿನಲ್ಲಿ ಮೂರು ವರ್ಷ ಕೊಳವೆಬಾವಿಯ ನೀರು ಪರೀಕ್ಷೆ ಮಾಡಿದ. ಆಮೇಲೆ ಇಲಾಖೆಯೊಂದಕ್ಕೆ ಗುತ್ತಿಗೆಯ ಮೇಲೆ ಸೇರಿ ಹೊಸದುರ್ಗ, ಹೊಳಲ್ಕೆರೆ ಕಡೆಯ ಕಾಮಗಾರಿ ಸೈಟುಗಳನ್ನು ಸುತ್ತಿದ. ಮಳೆ ಬಂದರೆ ಲೋಕದ ಜನ ಒಳಗೆ ಓಡುತ್ತಾರೆ. ಇವನು ಬಾಟಲಿ ಹಿಡಿದು ಹೊರಗೆ ಓಡುತ್ತಿದ್ದ. ಹೀಗೆ ಹನ್ನೊಂದು ವರ್ಷ ನೆನೆದು, ಒಣಗಿ, ಕೊನೆಗೆ ನಲವತ್ತೆರಡು ಪುಟದ ಒಂದು ಕರಡು ಬರೆದ. ಕಟ್ಟಡ ಕಾಮಗಾರಿಯ ಮಳೆನೀರಿಗೆ ಮೂವತ್ತೊಂದು ನಿಯಮ. ಅದರಲ್ಲಿ ಅವನ ಪ್ರಾಣವೆಲ್ಲ ಇದ್ದದ್ದು ಹದಿನಾಲ್ಕನೆಯದರಲ್ಲಿ: "ಅಗೆದ ಇಳಿಜಾರಿನ ಬರಿಮಣ್ಣನ್ನು ಒಣಹುಲ್ಲಿನಿಂದ ಹೊದಿಸತಕ್ಕದ್ದು." ಹದಿನೈದು: "ಇಳಿಜಾರಿನ ಸುತ್ತ ಬಲೆಯ ತಡೆಬೇಲಿ ಕಟ್ಟತಕ್ಕದ್ದು." ಹದಿನಾರು: "ಹೂಳು ತಂಗಲು ಗುಂಡಿ ತೆಗೆಯತಕ್ಕದ್ದು."

ಈ ಮೂರನ್ನೂ ಮಾಡಿ ತೋರಿಸಲು ಹಿರೇಗುಂಟನೂರಿನ ಹತ್ತಿರ ಕಟ್ಟುತ್ತಿದ್ದ ಒಂದು ವಸತಿ ಶಾಲೆಯ ಜಾಗವನ್ನು ಅವನ ಕೈಗೆ ಕೊಟ್ಟಿದ್ದರು. ರೋಹಿಣಿ ಮಳೆ ಹಿಡಿಯುವ ವಾರದ ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ, ಬೆಂಗಳೂರಿನ ತಂಡ ಬರುವುದೆಂದು ಗೊತ್ತಾಗಿತ್ತು. ಸೈಟಿನಿಂದ ಹೊರಬೀಳುವ ನೀರು, ರಾಡಿ ಅಳೆಯುವ ಯಂತ್ರದಲ್ಲಿ ಇನ್ನೂರೈವತ್ತರ ಒಳಗಿದ್ದರೆ ಕರಡು ಮುಂದಕ್ಕೆ. ಮೇಲೆ ಹೋದರೆ ಕರಡು ಗೋಡೌನಿಗೆ, ಮುಂದಿನ ತಿಂಗಳ ಕೊನೆಗೆ ಮುಗಿಯುವ ಗುತ್ತಿಗೆಯ ಜೊತೆ ಜುಂಜೇಶ ಮನೆಗೆ.

ಇಷ್ಟು ಭಾರ ತಲೆಯ ಮೇಲಿದ್ದ ಮನುಷ್ಯ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಸೋಮವಾರ ಮಾವನ ಫೋನು ಬಂತು.

"ಎತ್ತಪ್ಪ ಜೆಸಿಬಿ ತಗಂಡ" ಎಂದ ಗೊಲ್ಲಪ್ಪ. ಎತ್ತಪ್ಪನೆಂದರೆ ಜುಂಜೇಶನ ಷಡ್ಡಕ, ಅವನ ಹೆಂಡತಿ ಯಶೋದಾಳ ಅಕ್ಕನ ಗಂಡ. "ಹಳದೀದು. ಹಟ್ಟಿ ಮುಂದೆ ನಿಂತೈತೆ. ನಿಮ್ದೇನಪ್ಪ, ಇನ್ನೂ ನೀರಿಂದೇನಾ?"

ಜುಂಜೇಶನಿಗೆ ಎಲ್ಲಿತ್ತೋ ರೋಷ. "ಹಿರೇಗುಂಟನೂರು ಹತ್ರ ಹದಿನಾರು ಎಕ್ರೆ ನನ್ನ ಕೈಯಾಗೈತೆ ಮಾವ. ಅಲ್ಲಿ ನಾನು ಹೇಳಿದ್ದೇ ನಡ್ಯೋದು. ಸುತ್ತ ಬಲೆ ಕಟ್ಸೀನಿ. ನೆಲಕ್ಕೆಲ್ಲ ಶೇಂಗಾ ಬಳ್ಳಿ ಹರಡ್ಸೀನಿ!"

ಶೇಂಗಾ ಬಳ್ಳಿಯ ಮಾತು ಸುಳ್ಳಲ್ಲ. ನಿಯಮದಲ್ಲಿದ್ದದ್ದು ಒಣಹುಲ್ಲು. ಸೈಟಿನ ಮೇಸ್ತ್ರಿ ಗೌಸ್ ಪೀರ್, "ಹುಲ್ಲಿಗೆ ದಾವಣಗೆರೆ ಕಡೆ ಲಾರಿ ಕಳಿಸ್ಬೇಕು ಸಾರ್, ಶೇಂಗಾ ಬಳ್ಳಿ ಪಕ್ಕದೂರಾಗೇ ಬಣವೆ ಬಣವೆ ಬಿದ್ದೈತೆ" ಎಂದಿದ್ದ. ಅದನ್ನೇ ಹರಡಿದ್ದರು.

ಫೋನಿನ ಆ ಕಡೆ ಎಲೆಯಡಿಕೆ ಉಗುಳಿದ ಸದ್ದಾಯಿತು. ಆಮೇಲೆ ಗೊಲ್ಲಪ್ಪ ಕೇಳಿದ. "ಬಲೆ ಎಷ್ಟು ಎತ್ತರ?"

"ಮೂರಡಿ."

"ನೀರು?"

"ಗುಂಡಿ ತೆಗ್ಸೀನಿ. ಮೊನ್ನೆ ಮಳೇಗೆ ನಿಂತೈತೆ."

"ಆಯ್ತು ಬಿಡ್ರಿ ಅಳಿಯಂದ್ರೆ" ಎಂದ ಗೊಲ್ಲಪ್ಪ. ಅವನ ದನಿ ಯಾಕೋ ಮೆತ್ತಗಾಗಿತ್ತು.

ಆ ಸೀಮೆಯಲ್ಲಿ ಒಬ್ಬ ಮನುಷ್ಯ ಇಳಿಜಾರಿನಲ್ಲಿ ಮೂರಡಿ ಬಲೆ ಕಟ್ಟಿ, ಶೇಂಗಾ ಬಳ್ಳಿ ಹರಡಿ, ನೀರು ನಿಲ್ಲಿಸಿ, ಅದನ್ನು ಕುರಿಯವನಿಗೆ ತಾನಾಗಿ ತಿಳಿಸಿದರೆ ಅದಕ್ಕೆ ಒಂದೇ ಅರ್ಥ. ನನ್ನ ನೆಲದಲ್ಲಿ ನಿನ್ನ ಮಂದೆ ತಂದು ರಾತ್ರಿ ತರುಬು, ನೆಲಕ್ಕೆ ಗೊಬ್ಬರವಾಗಲಿ ಅಂತ. ಕುಂಕುಮ ಹಚ್ಚಿ ಕಾರ್ಡು ಕೊಟ್ಟರೂ ಇಷ್ಟು ಗಟ್ಟಿಯಾದ ಕರೆಯೋಲೆ ಆಗುವುದಿಲ್ಲ. ಜುಂಜೇಶ ಹುಟ್ಟಿದ್ದೂ ಹಟ್ಟಿಯಲ್ಲೇ, ಹತ್ತು ವರ್ಷದ ಹುಡುಗನಾಗಿದ್ದಾಗ ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಿದ್ದವನು. ಆದರೆ ಕೆಲಸಕ್ಕೆ ಸೇರಿದ ಮೇಲೆ ಅದನ್ನೆಲ್ಲ ಮರೆತಂತೆ ನಟಿಸಲು ಹೋಗಿ ನಿಜವಾಗಿಯೂ ಮರೆತಿದ್ದ. ದಾರಿಗೆ ಕುರಿ ಅಡ್ಡ ಬಂದರೆ ಇಲಾಖೆಯ ಜೀಪಿನಲ್ಲಿ ಮೊದಲು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದವನು ಅವನೇ.

ಗುರುವಾರ ಬೆಳಗ್ಗೆ ಏಳಕ್ಕೆ ಗೌಸ್ ಪೀರ್ ಫೋನು ಮಾಡಿದ.

"ಸಾರ್, ಬೇಗ ಬರ್ರಿ. ನಿಮ್ಮ ಮಾವನೋರು ಬಂದಾರೆ."

"ಕುಂಡ್ರಿಸಿ ಟೀ ಕೊಡು. ಒಬ್ಬ ಮನ್ಷನ್ನ ನೋಡ್ಕಳಕೆ ಆಗಲ್ವಾ ನಿಂಗೆ?"

"ಒಬ್ರೇ ಬಂದಿಲ್ಲ ಸಾರ್."

ಚಿತ್ರದುರ್ಗದಿಂದ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಷ್ಟೂ ದಾರಿ ಜುಂಜೇಶ ಮೋಡ ನೋಡುತ್ತಾ ಬಂದ. ಸೈಟಿನ ಗೇಟಿನಲ್ಲಿ ಬೈಕು ನಿಲ್ಲಿಸುವ ಮೊದಲೇ ಅವನಿಗೆ ಎಲ್ಲ ಕಂಡಿತು. ಇಳಿಜಾರಿಗೆ ಹೊದಿಸಿದ್ದ ಶೇಂಗಾ ಬಳ್ಳಿ ಒಂದು ಎಳೆಯೂ ಇರಲಿಲ್ಲ. ಅದರ ಜಾಗದಲ್ಲಿ ನಾನೂರು ಕುರಿಗಳು, ಹಸಿರು ತಡೆಬೇಲಿಯ ಒಳಗೆ, ಅಳತೆ ಕೊಟ್ಟು ಹೊಲಿಸಿದಂತೆ ತುಂಬಿಕೊಂಡು, ಮೆಲುಕು ಹಾಕುತ್ತಾ ಮಲಗಿದ್ದವು.

ಗೊಲ್ಲಪ್ಪ ಬೋರಲು ಹಾಕಿದ ಬಾಂಡಲಿಯ ಮೇಲೆ ಕುಳಿತಿದ್ದ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಟೀ. "ಬರ್ರಿ ಅಳಿಯಂದ್ರೆ. ಆದಿವಾಲದ ಹಟ್ಟಿ ಬಿಟ್ಟು ಮೂರು ದಿನ ಆಯ್ತು. ನಿನ್ನೆ ಸಂಜೆ ಮುಟ್ಟಿದ್ವಿ. ದಾರ್ಯಾಗೆ ಮೂರು ಹೊಲದೋರು ಅಡ್ಡ ನಿಂತು ಕರದ್ರು. ಇಲ್ರಪ್ಪ, ನಮ್ಮಳಿಯಂದ್ರು ಬಲೆ ಕಟ್ಕಂಡು ಕಾಯ್ತಾವ್ರೆ ಅಂದೆ."

"ಮಾವ, ಶೇಂಗಾ ಬಳ್ಳಿ..."

"ಚೆನ್ನಾಗಿತ್ತು. ಸ್ವಲ್ಪ ಹಳೇದು. ಆದ್ರೂ ಯಾವ್ದೂ ಮಕ ತಿರುಗಿಸ್ಲಿಲ್ಲ."

ಜುಂಜೇಶ ಗೌಸ್ ಪೀರನನ್ನು ಪಕ್ಕಕ್ಕೆ ಎಳೆದ. "ನಿನ್ನೆ ಸಂಜೆ ಬಂದ್ರೆ ಇವತ್ತು ಬೆಳಗ್ಗೆ ಫೋನ್ ಮಾಡ್ತೀಯಲ್ಲೋ!"

"ಸಂಜೆ ನಾನಿರ್ಲಿಲ್ಲ ಸಾರ್. ವಾಚ್‌ಮನ್ ಕೇಳಿದ್ನಂತೆ. ಇವ್ರು, ಜಾಗ ನಮ್ಮಳಿಯಂದು ಅಂದ್ರಂತೆ. ಸಾರ್ ಮಾವ ಅಂದ್ಮೇಲೆ ಅವ್ನು ಗೇಟು ತೆಗ್ದು ಸೆಲ್ಯೂಟ್ ಹೊಡ್ದವ್ನೆ."

ಗಂಟೆ ಎಂಟೂವರೆ. ಜುಂಜೇಶ ಮಾವನ ಮುಂದೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಮಂದೆಯನ್ನು ಈಗಲೇ ಎಬ್ಬಿಸಿದರೆ ಒಳ್ಳೆಯದೆಂದು ಸುತ್ತಿ ಬಳಸಿ ಹೇಳಿದ.

"ಎಬ್ಬಿಸದಾ?" ಗೊಲ್ಲಪ್ಪ ಟೀ ಲೋಟ ಕೆಳಗಿಟ್ಟ. "ಒಂದ್ ಸಲ ಮಂದೆ ಕಾಲಿಟ್ರೆ ಮೂರು ರಾತ್ರಿ ಕಳೀಬೇಕು. ನಮ್ಮಪ್ಪನ ಕಾಲ್ದಿಂದ ಹಿಂಗೇ. ನಡುವೆ ಎಬ್ಬಿಸಿದ್ರೆ ಹೊಲದ ಯಜಮಾನ್ನಿಗೆ ಒಳ್ಳೇದಲ್ಲ. ನಿಮ್ಮ ಒಳ್ಳೇದ್ಕೇ ಹೇಳೋದು."

ಹೊಲದ ಯಜಮಾನ ಎಂಬ ಎರಡು ಮಾತು ಜುಂಜೇಶನ ಬಾಯಿಗೆ ಬೀಗ ಹಾಕಿತು. ಅಷ್ಟರಲ್ಲಿ ಯಶೋದಾಳ ಫೋನು.

"ಅಪ್ಪ ಫೋನ್ ಮಾಡಿತ್ತು ಕಣ್ರಿ. ಖುಷೀಗೆ ಅಳ್ತಿತ್ತು. ಒಂಬತ್ತು ವರ್ಷಕ್ಕೆ ಅಳಿಯ ಮನಸಾರೆ ಕರದ ಅಂತ. ನೀವೇನಾರ ಅಲ್ಲಿ ಒಂದ್ ಮಾತು ಅಂದ್ರೋ..." ಅವಳು ಮಾತು ಮುಗಿಸಲಿಲ್ಲ. ಯಶೋದಾ ಮುಗಿಸದೆ ಬಿಟ್ಟ ಮಾತಿನ ಮುಂದೆ ಸರ್ಕಾರದ ಮೂವತ್ತೊಂದು ನಿಯಮವೂ ಸಪ್ಪೆ.

ಒಂಬತ್ತೂವರೆಗೆ ಕೆಳಗಿನ ಊರಿನಿಂದ ಚಿತ್ತಮ್ಮ ಬಂದಳು. ಪಂಚಾಯ್ತಿ ಸದಸ್ಯೆ. ಕೈಯಲ್ಲಿ ಒಂದು ಸ್ಕೂಲ್ ಯೂನಿಫಾರಂ ಅಂಗಿ, ಬಾವುಟದಂತೆ ಹಿಡಿದಿದ್ದಳು.

"ಹೋದ್ವರ್ಷ ನಿಮ್ಮ ಸೈಟಿನ ಮಣ್ಣು ನಮ್ಮ ಕೆರೇಗೆ ಇಳೀತು ಸಾರ್. ಅದ್ರಾಗೆ ಒಗದಿದ್ದು ಇದು. ಬಿಳೀ ಅಂಗಿ! ನೋಡ್ರಿ, ಇಟ್ಟಿಗೆ ಆಗೈತೆ. ಇವತ್ತು ಬೆಂಗ್ಳೂರಿನೋರ ಮುಂದೆ ಹಿಡಿಯಾಳೇ ನಾನು." ಆಮೇಲೆ ಕುರಿ ಕಂಡಳು. ಅವಳ ದನಿ ಇನ್ನೂ ಏರಿತು. "ಹೋದ ತಿಂಗ್ಳು ನಮ್ಮ ಹೊಲಕ್ಕೆ ಮಂದೆ ಕರದ್ರೆ ಯಾರೂ ಬರ್ಲಿಲ್ಲ. ಸರ್ಕಾರದ ಸಿಮೆಂಟ್ ನೆಲಕ್ಕೆ ಬಂತಾ? ಜಾಗ ನಮ್ಮ ಪಂಚಾಯ್ತಿ ಗಡಿಯಾಗೈತೆ. ಹಿಕ್ಕೆ ನಮಗೆ ಸೇರ್ಬೇಕು!"

"ಸರ್ಕಾರದ ನೆಲ?" ಎಂದ ಗೊಲ್ಲಪ್ಪ, ಅಳಿಯನ ಕಡೆ ತಿರುಗಿ.

"ಸರ್ಕಾರ ಅಂದ್ರೆ ಇಲ್ಲಿ ಸಾರೇ" ಎಂದ ಗೌಸ್ ಪೀರ್, ಪುಣ್ಯಾತ್ಮ.

ಹತ್ತೂ ಕಾಲಿಗೆ ಚಿತ್ರದುರ್ಗದ ಕೋಟೆಯ ದಿಕ್ಕಿನಿಂದ ಮೋಡ ಕಪ್ಪಾಗಿ ಎದ್ದಿತು. ಆಗ ಜುಂಜೇಶನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಅವತ್ತು ಹೊಳೆದ ಉಪಾಯಗಳಲ್ಲಿ ಅದೇ ಅತ್ಯಂತ ಕೆಟ್ಟದ್ದು.

"ಮಾವ, ಮಳೆ ಬತ್ತೈತೆ. ಮರಿಗಳು ನೆನೀತವೆ. ಕುರೀನ ಆ ಊಟದ ಹಾಲ್ ಒಳಕ್ಕೆ ಹೊಡೀರಿ. ಮೇಲೆ ಆರ್‌ಸಿಸಿ ಬಿದ್ದೈತೆ. ಜಾಗ ಬಿಟ್ಟು ಹೋದಂಗಲ್ಲ, ಇಲ್ಲೇ ಇದ್ದಂಗೆ."

ಗೊಲ್ಲಪ್ಪನ ಕಣ್ಣು ತುಂಬಿ ಬಂತು. "ಕುರೀಗೂ ಆರ್‌ಸಿಸಿ! ಎತ್ತಪ್ಪ ಒಂದಿನ ನನ್ನ ಕುರಿ ನೆನದಾವಾ ಅಂತ ಕೇಳಿಲ್ಲ."

ಬಾಗಿಲಿಲ್ಲದ ಆ ದೊಡ್ಡ ಹಾಲಿಗೆ ನಾನೂರು ಕುರಿ ಹೊಕ್ಕವು. ಬಾಗಿಲ ಬಾಯಿಗೆ ಸೆಂಟ್ರಿಂಗ್ ಹಲಗೆ ಅಡ್ಡ ನಿಲ್ಲಿಸಿದರು. ಹಿಕ್ಕೆಯ ಹಕ್ಕು ಮಾತಾಡಿ ಮುಗಿಸೋಣವೆಂದು ಚಿತ್ತಮ್ಮ ಗೊಲ್ಲಪ್ಪನನ್ನು ತನ್ನ ಹೊಲ ತೋರಿಸಲು ಕೆಳಗೆ ಕರೆದೊಯ್ದಳು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಬಿಳಿ ಕಾರು ಬಂತು.

ಇಳಿದದ್ದು ದಿವ್ಯಾ ಮೇಡಂ ಮತ್ತು ಒಬ್ಬ ಸಹಾಯಕ. ಮೇಡಂ ಬಹಳ ಮಾತಿನವರಲ್ಲ. ನೋಡಿ ಬರೆಯುವುದು, ಬರೆದು ನೋಡುವುದು, ಅಷ್ಟೇ. ಅಂಥವರಿಗೇ ಜನ ಹೆಚ್ಚು ಹೆದರುತ್ತಾರೆ. ಇಳಿಜಾರಿನ ಮುಂದೆ ನಿಂತು ಅವರು ಕರಡಿನ ಪುಟ ತಿರುಗಿಸಿದರು.

"ಹದಿನಾಲ್ಕನೇ ನಿಯಮದ ಹೊದಿಕೆ ಎಲ್ಲಿ?"

"ಮಣ್ಣಿಗೆ... ಸೇರ್ಕೊಂಡಿದೆ ಮೇಡಂ."

ಮೇಡಂ ಬಗ್ಗಿ ನೆಲ ನೋಡಿದರು. "ಈ ಕರೀ ಗುಂಡುಗಳೇನು?"

"ಅದು ಸೇರ್ಕೊಂಡಾದ ಮೇಲೆ ಹಿಂಗಾಗ್ತದೆ ಮೇಡಂ" ಎಂದ ಗೌಸ್ ಪೀರ್. ಒಂದು ರೀತಿಯಲ್ಲಿ ಅದು ನಿಜವೇ ಆಗಿತ್ತು.

ಹಾಲಿನೊಳಗಿಂದ ಒಂದು ಮರಿ ಅರಚಿತು. ತಾಯಿ ಉತ್ತರ ಕೊಟ್ಟಿತು. ಆಮೇಲೆ ಉಳಿದ ತಾಯಂದಿರಿಗೂ ಏನೋ ಜ್ಞಾಪಕ ಬಂದಂತೆ ಎಲ್ಲವೂ ಶುರುಮಾಡಿದವು.

"ಏನದು ಸದ್ದು?"

"ಕಾಂಕ್ರೀಟ್ ವೈಬ್ರೇಟರ್ ಮೇಡಂ. ಹಳೇದು" ಎಂದ ಗೌಸ್ ಪೀರ್. ಜುಂಜೇಶ ಕಣ್ಣು ಮುಚ್ಚಿಕೊಂಡ.

ಆಕಾಶಕ್ಕೆ ಇದಕ್ಕಿಂತ ಹೆಚ್ಚು ಕೇಳುವ ತಾಳ್ಮೆ ಇರಲಿಲ್ಲವೇನೋ. ದಪ್ಪ ಹನಿ ನಾಲ್ಕು ಬಿದ್ದವು, ಐದನೆಯದರ ಜೊತೆ ಮಳೆ ಪೂರ್ತಿ ಬಿತ್ತು. ಸಹಾಯಕ ಫೈಲು ತಲೆಯ ಮೇಲಿಟ್ಟುಕೊಂಡು ಹಾಲಿನ ಕಡೆ ಓಡಿದ. "ಅಲ್ಲಿ ಬ್ಯಾಡ್ರಿ ಸಾರ್!" ಎಂದು ಜುಂಜೇಶ ಕೂಗುವಷ್ಟರಲ್ಲಿ ಅವನು ಸೆಂಟ್ರಿಂಗ್ ಹಲಗೆ ಸರಿಸಿ ಒಳಗೆ ಹೋಗಿದ್ದ. ಹಿಂದೆಯೇ ಮೇಡಂ, ಅವರ ಹಿಂದೆ ಜುಂಜೇಶ.

ಎಂಟುನೂರು ಕಣ್ಣುಗಳು ಅವರನ್ನು ನೋಡಿದವು. ಸಹಾಯಕ ಸಿಮೆಂಟ್ ಚೀಲಗಳ ಅಟ್ಟಿ ಹತ್ತಿ ಕುಳಿತ. ಮೇಡಂ ಬಾಗಿಲಲ್ಲೇ ನಿಂತು ನೋಟ್‌ಬುಕ್ಕಿನ ಹೊಸ ಪುಟ ತೆಗೆದರು. ಅದೇ ಕ್ಷಣ ಸಿಡಿಲು ಹೊಡೆಯಿತು.

ಮಂದೆ ಒಮ್ಮೆಗೇ ಎದ್ದಿತು. ಮುಂದಿನ ಟಗರು ತೆರೆದ ಬಾಗಿಲ ಕಡೆ ತಲೆ ತಗ್ಗಿಸಿತು, ಅದರ ಹಿಂದೆ ನಾನೂರರ ಒತ್ತಡ. ದಾರಿಯಲ್ಲಿ ಮೇಡಂ. ಅವರ ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ತಡೆಬೇಲಿ, ಗುಂಡಿ, ಕೆರೆ, ಹನ್ನೊಂದು ವರ್ಷ. ಗೊಲ್ಲಪ್ಪ ಎಲ್ಲೋ ಕೆಳಗಿನ ಹೊಲದಲ್ಲಿ. ಜುಂಜೇಶ ಯೋಚಿಸಲಿಲ್ಲ. ಯೋಚಿಸಿದ್ದರೆ ಅವನ ಬಾಯಿಂದ "ದಯವಿಟ್ಟು ನಿಲ್ಲಿ" ಎಂದು ಬರುತ್ತಿತ್ತು. ಮೇಡಂ ಮುಂದೆ ಹಾರಿ, ಎರಡು ಕೈಯನ್ನೂ ಅಗಲಿಸಿ, ನಾಲಿಗೆ ಅಂಗುಳಕ್ಕೆ ಹಚ್ಚಿ, ಇಪ್ಪತ್ತು ವರ್ಷದಿಂದ ಹಾಕದೆ ಇದ್ದ ಕೂಗು ಹಾಕಿದ.

"ಟ್ರ್ರ್ರ್ರ್... ಹೋಯ್! ಟ್ರ್ರ್ರ್ರ್... ಹೋಯ್ ಹೋಯ್!"

ಟಗರು ನಿಂತಿತು. ಹಿಂದಿನವು ಅದಕ್ಕೆ ಗುದ್ದಿ ನಿಂತವು. ಇನ್ನೊಂದು ಸಲ ಕೂಗಿದಾಗ ಅಲೆ ಹಿಂದಕ್ಕೆ ಹೋಯಿತು. ಮೂರನೆಯ ಕೂಗಿಗೆ ಮರಿಗಳು ತಾಯಿಯ ಹೊಟ್ಟೆಯ ಕೆಳಗೆ ಸೇರಿದವು. ಹಾಲಿನಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ.

"ಇದು ನಿಮಗೆ ಹೇಗೆ ಬರುತ್ತೆ?" ಎಂದರು ಮೇಡಂ.

ಬಾಗಿಲಲ್ಲಿ ಗೊಲ್ಲಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ನೀರಿಳಿಸುತ್ತಾ, ಏದುಸಿರು ಬಿಡುತ್ತಾ ನಿಂತಿದ್ದ. ಹಿಂದೆ ಚಿತ್ತಮ್ಮ. "ಹೊಲದ ತಂಕ ಕೇಳುಸ್ತು" ಎಂದ. "ಥೇಟ್ ನಿಮ್ಮಪ್ಪಂದೇ ದನಿ."

ಜುಂಜೇಶನಿಗೆ ಇನ್ನು ಬಚ್ಚಿಡುವ ಶಕ್ತಿ ಇರಲಿಲ್ಲ. "ಮೇಡಂ, ಹೊದಿಕೆ ಮಣ್ಣಿಗೆ ಸೇರಿಲ್ಲ. ಇವುಗಳ ಹೊಟ್ಟೆಗೆ ಸೇರಿದೆ. ನಾನು ಕುರಿಯೋರ ಮಗ. ಇವ್ರು ನಮ್ಮ ಮಾವ. ಹದಿನಾರು ಎಕ್ರೆ ನಂದು ಅನ್ನೋ ಹಂಗೆ ಜಂಬ ಕೊಚ್ದೆ, ನಂಬಿ ಬಂದ್ರು." ಮಾವನ ಕಡೆ ತಿರುಗಲು ಅವನಿಗೆ ಧೈರ್ಯ ಸಾಲಲಿಲ್ಲ. "ಜಾಗ ನಂದಲ್ಲ ಮಾವ."

"ಗೊತ್ತು ಬಿಡ್ರಿ" ಎಂದ ಗೊಲ್ಲಪ್ಪ. "ಹದಿನಾರು ಎಕ್ರೆ ಇರೋನು ಆ ಹರಕು ಸೀಟಿನ ಬೈಕಿನಾಗೆ ಬತ್ತಾನಾ?"

"ಮತ್ತೆ ಯಾಕೆ ಬಂದ್ರಿ?"

"ಶೇಂಗಾ ಬಳ್ಳಿ ಹರಡೀನಿ ಅಂದ್ರಲ್ಲ. ಅದೂ ಸುಳ್ಳೇನೋ ನೋಡಾಣ ಅಂತ."

ಮೇಡಂ ನೋಟ್‌ಬುಕ್ಕು ಮುಚ್ಚಿದರು. "ನೀರು ತನ್ನಿ" ಎಂದರು, ಅಷ್ಟೇ. ಗೌಸ್ ಪೀರ್ ಎರಡು ಬಾಟಲಿ ಹಿಡಿದು ಮಳೆಯಲ್ಲಿ ಓಡಿದ. ಒಂದು ಲಾರಿ ಓಡಾಡುವ ಕಡೆಯ ನೀರು. ಅಲ್ಲಿ ಕುರಿ ಹೋಗಿರಲಿಲ್ಲ. ಇನ್ನೊಂದು ಕುರಿ ಮಲಗಿದ್ದ ಇಳಿಜಾರಿನದು. ಸಹಾಯಕ ಚೀಲದ ಅಟ್ಟಿಯ ಮೇಲಿಂದಲೇ ಯಂತ್ರ ಕೆಳಗೆ ಕೊಟ್ಟ. ಮೊದಲ ಬಾಟಲಿ ಇಟ್ಟರು. ಒಂಬೈನೂರ ನಲವತ್ತು. ಜುಂಜೇಶ ಗೋಡೆಗೆ ಒರಗಿದ. ಎರಡನೆಯದು ಇಟ್ಟರು. ಅಂಕಿ ಮುನ್ನೂರಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು, ನಡುಗಿತು, ಇನ್ನೂರ ಹನ್ನೆರಡಕ್ಕೆ ಬಂದು ನಿಂತಿತು.

"ಅಂಕಿ ನಂಬಲ್ಲ ನಾನು" ಎಂದಳು ಚಿತ್ತಮ್ಮ. ಸಹಾಯಕನ ಜೇಬಿನಿಂದ ಬಿಳಿ ಕರ್ಚೀಫು ಎಳೆದು, ಮಳೆಯಲ್ಲೇ ಹೋಗಿ, ನೀರು ಬೀಳುವ ಬಾಯಿಗೆ ಹಿಡಿದು, ಹಿಂಡಿಕೊಂಡು ಬಂದಳು. ತಾನು ತಂದಿದ್ದ ಇಟ್ಟಿಗೆ ಬಣ್ಣದ ಅಂಗಿಯ ಪಕ್ಕ ಹಿಡಿದಳು. ಕರ್ಚೀಫು ತೆಳು ಟೀಯ ಬಣ್ಣಕ್ಕೆ ತಿರುಗಿತ್ತು. "ಪರವಾಗಿಲ್ಲ" ಎಂದಳು. "ಸೋಪಿಗೆ ಹೋಗ್ತೈತೆ."

"ಯಾಕೆ ಹೀಗಾಯ್ತು?" ಮೇಡಂ ಕೇಳಿದ್ದು ಜುಂಜೇಶನನ್ನಲ್ಲ, ಗೊಲ್ಲಪ್ಪನನ್ನು.

"ಹೊಸದಾಗಿ ಹೊಡ್ದ ಮಣ್ಣು ತಾಯಿ, ಹಿಟ್ಟಿನಂಗಿತ್ತು. ನಾನೂರು ಕುರಿ ರಾತ್ರಿಯೆಲ್ಲ ಎದ್ದು ಮಲಗಿ ತುಳದಾವೆ. ನೆಲ ಗಟ್ಟಿ ಆಯ್ತು. ಮ್ಯಾಲೆ ಗೊರಸಿನ ಗುಳಿ. ಒಂದೊಂದು ಗುಳೀಲೂ ನೀರು ಕುಂತು ಎದ್ದು ಹೋಗ್ಬೇಕು. ಓಡಕೆ ಅದುಕ್ಕೆ ದಾರಿ ಎಲ್ಲೈತೆ?"

ಮೇಡಂ ಬರೆದುಕೊಂಡರು. "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ."

ಒಂದು ತಿಂಗಳ ಮೇಲೆ ಪತ್ರ ಬಂತು. ಕರಡು ಗೋಡೌನಿಗೆ ಹೋಗಲಿಲ್ಲ, ವಿಧಾನಸೌಧಕ್ಕೂ ಹೋಗಲಿಲ್ಲ. ಒಂದು ಮಳೆ ನೋಡಿ ಕಾನೂನು ಮಾಡಲಾಗದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಸೈಟಿನಲ್ಲಿ ಇನ್ನೊಂದು ವರ್ಷ ಮಾಡಿ ತೋರಿಸಬೇಕು ಎಂದಿತ್ತು. ಅದಕ್ಕಾಗಿ ಜುಂಜೇಶನ ಗುತ್ತಿಗೆಯನ್ನೂ ಒಂದು ವರ್ಷ ಮುಂದುವರಿಸಿದ್ದರು. ಹದಿನಾಲ್ಕನೇ ನಿಯಮಕ್ಕೆ ಕೆಳಗೆ ಎರಡು ಸಾಲು ಸೇರಿಸಲಾಗಿತ್ತು: "ಪರ್ಯಾಯವಾಗಿ, ಇಳಿಜಾರಿನಲ್ಲಿ ಕುರಿಮಂದೆಯನ್ನು ಮೂರು ರಾತ್ರಿಗೆ ಕಡಿಮೆ ಇಲ್ಲದಂತೆ ತರುಬತಕ್ಕದ್ದು. ಹಿಕ್ಕೆಯನ್ನು ಮಳೆಗೆ ಮುನ್ನ ಗುಡಿಸಿ ಕೆಳಗಿನ ಊರಿನ ರೈತರಿಗೆ ಕೊಡತಕ್ಕದ್ದು." ಎರಡನೆಯ ಸಾಲಿನ ಹಿಂದೆ ಚಿತ್ತಮ್ಮನ ಏಳು ಅರ್ಜಿಗಳಿದ್ದವು.

ಮಂದೆ ಬೇಕಾದರೆ ಕರೆಯಲು ಹೋಗಬೇಕು. ಕುರಿಯವರು ಇಮೇಲಿಗೆ ಬರುವವರಲ್ಲ. ಜುಂಜೇಶ ಅದೇ ಹರಕು ಸೀಟಿನ ಬೈಕು ಹತ್ತಿ ಹಟ್ಟಿಯಿಂದ ಹಟ್ಟಿಗೆ ತಿರುಗತೊಡಗಿದ. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕುಳಿತು, ಟಗರಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿ, ಆಮೇಲೆ ಮಾತಿಗೆ ಶುರುಮಾಡುತ್ತಿದ್ದ. ಕರ್ಚೀಫನ್ನು ಈಗ ಬೆವರು ಒರೆಸಲು ಮಾತ್ರ ಬಳಸುತ್ತಾನೆ.

ಮೊನ್ನೆ ಶ್ರೀರಾಂಪುರದ ಬಸ್‌ಸ್ಟಾಂಡಿನಲ್ಲಿ ಗೊಲ್ಲಪ್ಪನನ್ನು ಹಳೆಯ ಪರಿಚಯದವನೊಬ್ಬ ಕೇಳಿದನಂತೆ. "ನಿನ್ನ ಚಿಕ್ಕಳಿಯ ಏನ್ ಕೆಲ್ಸ ಮಾಡ್ತಾನೆ?"

ಒಂಬತ್ತು ವರ್ಷದಲ್ಲಿ ಮೊದಲ ಸಲ ಗೊಲ್ಲಪ್ಪ ತಡವರಿಸಲಿಲ್ಲ. ಕಂಬಳಿ ಸರಿಮಾಡಿಕೊಂಡು, ಸುತ್ತ ಇದ್ದವರಿಗೂ ಕೇಳುವಂತೆ ಹೇಳಿದ. "ಕುರಿ ಕಾಯ್ತಾರೆ. ಸರ್ಕಾರದ ಸಂಬಳ."

"ಭಾರಿ ಓದಿದಾನಂತಲ್ಲ?"

"ಓದಿದಾರೆ" ಎಂದ ಗೊಲ್ಲಪ್ಪ. "ಅದುಕ್ಕೇ ಇಷ್ಟು ತಡ ಆಯ್ತು."